ಎಷ್ಟು ಕೊಡುತ್ತೆ, ಎಷ್ಟು ಕೊಟ್ಟರು

ಬೈಕ್ ಪತ್ರಿಕೆಯವರು ಕಂಪನಿಯಿಂದ ದುಡ್ಡು ತಗೊಂಡು ವಿಮರ್ಶೆ ಬರೆಯುತ್ತಾರೆ ಅನ್ನುವ ಮಾತನ್ನು ನಾನು ನಂಬುವುದಿಲ್ಲ. ದುಡ್ಡು ತಗೊಂಡಿದ್ದರೆ ಇನ್ನೂ ಸ್ವಲ್ಪ ಮುತುವರ್ಜಿಯಿಂದ ಬರೆಯುತ್ತಿದ್ದರು. ಸಂಚಿಕೆಯಲ್ಲಿ ಆರು ಬೈಕ್ ಇದ್ದರೆ ಆರಕ್ಕೂ ಇಂಜಿನ್ 'ರಿಫೈನ್ಡ್', ಆರಕ್ಕೂ ತಿರುವಿನಲ್ಲಿ 'ಕಾನ್ಫಿಡೆನ್ಸ್', ಆರಕ್ಕೂ ನಾಲ್ಕು ನಕ್ಷತ್ರ. ಲಂಚ ತಿಂದವನಿಗೆ ಇಷ್ಟು ಸಮದೃಷ್ಟಿ ಬರುವುದಿಲ್ಲ; ಅವನು ಕೊಟ್ಟವನನ್ನು ಮೇಲೆತ್ತಿ ಕೊಡದವನನ್ನು ತುಳಿಯುತ್ತಾನೆ. ಎಲ್ಲರನ್ನೂ ಹೊಗಳುವವನು ಭ್ರಷ್ಟನಲ್ಲ, ಸಂತೋಷವಾಗಿರುವವನು.

ನನ್ನ ಭಾವಮೈದ ಇದನ್ನು ಒಪ್ಪುವುದಿಲ್ಲ. ನಮ್ಮ ಜನ ಯಾವ ಗಾಡಿ ಕಂಡರೂ ಕೇಳುವ ಪ್ರಶ್ನೆ ಒಂದೇ, "ಎಷ್ಟು ಕೊಡುತ್ತೆ?" ಎರಡೂವರೆ ಲಕ್ಷದ ಬೈಕಿನ ಮೇಲೆ ಚರ್ಮದ ಜಾಕೆಟ್ ಹಾಕಿ ಕೂತವನನ್ನೂ ಸಿಗ್ನಲ್‌ನಲ್ಲಿ ಪಕ್ಕದ ಆಟೋದವನು ಇದನ್ನೇ ಕೇಳುತ್ತಾನೆ. ಭಾವಮೈದ ವಿಮರ್ಶೆ ಓದಿದಾಗಲೂ ಅದನ್ನೇ ಕೇಳುತ್ತಾನೆ, ಕಾಲ ಮಾತ್ರ ಬೇರೆ: "ಎಷ್ಟು ಕೊಟ್ಟರಂತೆ?" ಅವನ ಹತ್ತಿರ ಸಾಕ್ಷ್ಯವೂ ಇದೆ. ಇಪ್ಪತ್ತನೇ ಪುಟದಲ್ಲಿ ವಿಮರ್ಶೆ, ಇಪ್ಪತ್ತೆರಡನೇ ಪುಟದಲ್ಲಿ ಅದೇ ಬೈಕಿನ ಪೂರ್ತಿ ಪುಟದ ಜಾಹೀರಾತು. ಎರಡರಲ್ಲೂ ಅದೇ ಬಣ್ಣದ ಗಾಡಿ, ಎರಡರಲ್ಲೂ ಅದೇ ಸೂರ್ಯಾಸ್ತ. ಒಂದು ಸಲ ನನಗೇ ಯಾವುದು ಜಾಹೀರಾತು ಎಂದು ಗೊತ್ತಾಗದೆ, ಬೆಲೆಯ ಪಕ್ಕ ಚುಕ್ಕಿ ಹಾಕಿ ಷರತ್ತುಗಳು ಅನ್ವಯ ಎಂದು ಬರೆದಿರುವುದನ್ನು ನೋಡಿ ಗುರುತು ಹಿಡಿದೆ. ಇಬ್ಬರಲ್ಲಿ ಷರತ್ತಿದೆ ಎಂದು ಒಪ್ಪಿಕೊಂಡವನು ಜಾಹೀರಾತಿನವನೇ.

ಆದರೂ ವಿಮರ್ಶಕನ ಪರವಾಗಿ ಒಂದು ಮಾತು ಹೇಳಬೇಕು. ಅವನ ಕೈಗೆ ಬೈಕ್ ಬರುವುದು ಮೊದಲ ದೀಪಾವಳಿಗೆ ಅಳಿಯ ಬಂದ ಹಾಗೆ. ತೊಳೆದು, ಉಜ್ಜಿ, ಚೈನಿಗೆ ಎಣ್ಣೆ ಹಾಕಿ, ಟೈರಿಗೆ ಗಾಳಿ ತೂಗಿ ಹಾಕಿ ಕಂಪನಿಯವರು ಕಳಿಸಿರುತ್ತಾರೆ. ಇದ್ದಷ್ಟು ದಿನ ಇಬ್ಬರದೂ ಒಳ್ಳೆಯ ನಡತೆ. ಅಳಿಯನ ಗೊರಕೆಯಲ್ಲೂ ಶ್ರುತಿ ಕಾಣುತ್ತದೆ. ಅವನ ನಿಜರೂಪ ಗೊತ್ತಾಗುವುದು ಆಷಾಢ ಕಳೆದು ಮತ್ತೊಂದು ಆಷಾಢ ಬಂದ ಮೇಲೆ, ಅಷ್ಟರಲ್ಲಿ ವಿಮರ್ಶಕನ ಮನೆಗೆ ಬೇರೆ ಅಳಿಯ ಬಂದಿರುತ್ತಾನೆ.

ಇನ್ನು ಓಡಿಸುವುದು ಎಲ್ಲಿ? ದೇಶದ ಬೈಕ್ ಪತ್ರಿಕೆಗಳ ಕಚೇರಿ ಹೆಚ್ಚಾಗಿ ಮುಂಬೈ ಅಥವಾ ಪುಣೆಯಲ್ಲಿ. ಮುಂಬೈ–ಪುಣೆ ಎಕ್ಸ್‌ಪ್ರೆಸ್‌ವೇನಲ್ಲಿ ದ್ವಿಚಕ್ರ ವಾಹನಕ್ಕೆ ಪ್ರವೇಶವಿಲ್ಲ. ಹಾಗಾಗಿ ಪಾಪ ಅವರು ಲೋಣಾವಳದ ಘಟ್ಟ ಹತ್ತುತ್ತಾರೆ. ಒಂದು ಕಡೆ ಕಣಿವೆ, ಒಂದು ಕಡೆ ಮೋಡ, ಕೆಳಗೆ ಬೇರೆಯವರ ಗಾಡಿ, ಒಳಗೆ ಬೇರೆಯವರ ಪೆಟ್ರೋಲು, ತಿಂಗಳ ಕೊನೆಗೆ ಇದಕ್ಕೇ ಸಂಬಳ. ಆ ಸ್ಥಿತಿಯಲ್ಲಿ ನನ್ನನ್ನು ಕೂರಿಸಿದರೆ ನಮ್ಮ ಬಡಾವಣೆಯ ಹಾಲಿನವನ ಮೊಪೆಡ್ಡಿಗೂ ಐದು ನಕ್ಷತ್ರ ಕೊಟ್ಟೇನು. ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ, ಏಪ್ರಿಲ್ ತಿಂಗಳ ಮಧ್ಯಾಹ್ನ, ಹಿಂದೆ ಹೆಂಡತಿ, ಮುಂದೆ ಟ್ಯಾಂಕಿನ ಮೇಲೆ ಹತ್ತು ಕೆ.ಜಿ. ಸೋನಾ ಮಸೂರಿ ಇಟ್ಟುಕೊಂಡು ಮಾಡಿದ ವಿಮರ್ಶೆಯನ್ನು ನಾನು ಇದುವರೆಗೆ ಓದಿಲ್ಲ. ತಿರುವಿನಲ್ಲಿ ಗಾಡಿ ಎಷ್ಟು ಬಾಗುತ್ತದೆ ಎಂದು ಬರೆದವರು ನೂರು ಜನ. ಅಕ್ಕಿ ಮೂಟೆ ಜಾರದೆ ನಿಲ್ಲುತ್ತದೆಯೇ ಎಂದು ಬರೆದವನು ಒಬ್ಬನಿಲ್ಲ.

ಹೊಸ ಬೈಕ್ ಬಿಡುಗಡೆಯಾದರಂತೂ ಪತ್ರಕರ್ತರನ್ನು ಕಂಪನಿಯವರೇ ಊರಿಂದೂರಿಗೆ ಹಾರಿಸಿಕೊಂಡು ಹೋಗುತ್ತಾರೆ. 2018ರಲ್ಲಿ ರಾಯಲ್ ಎನ್‌ಫೀಲ್ಡ್ ತನ್ನ ಎರಡು ಸಿಲಿಂಡರಿನ 650 ಬೈಕುಗಳನ್ನು ಕ್ಯಾಲಿಫೋರ್ನಿಯಾದ ಸಾಂಟಾ ಕ್ರೂಜ್‌ನಲ್ಲಿ ಪತ್ರಕರ್ತರ ಕೈಗೆ ಕೊಟ್ಟಿತು. ಚೆನ್ನೈನಲ್ಲಿ ತಯಾರಾದ ಗಾಡಿ, ಓಡಿಸಿ ನೋಡಲಿಕ್ಕೆ ಪೆಸಿಫಿಕ್ ಸಾಗರದ ದಂಡೆ. ಭಾವಮೈದ ಅಂದ: "ಕ್ಯಾಲಿಫೋರ್ನಿಯಾಗೆ ಕರೆದುಕೊಂಡು ಹೋದರೆ ನಾನು ಎಮ್ಮೆ ಸವಾರಿಯನ್ನೂ ಹೊಗಳಿ ಹದಿನಾರು ಪುಟ ಬರೀತೀನಿ." ನಾನೂ ನಕ್ಕೆ. ಆದರೆ ತಮಾಷೆ ಮುಂದೆ ಇದೆ. ಅಲ್ಲಿಂದ ಬಂದ ಹೊಗಳಿಕೆಯೆಲ್ಲ ನಿಜವಾಗಿಬಿಟ್ಟಿತು. ನಮ್ಮಲ್ಲಿ ಆ 650 ಬೈಕುಗಳಲ್ಲೊಂದಾದ ಇಂಟರ್‌ಸೆಪ್ಟರ್‌ಗೆ ಎರಡೂವರೆ ಲಕ್ಷ ಬೆಲೆ ಇಟ್ಟರು. ಕೊಂಡವರು ಪತ್ರಿಕೆಯವರು ಹೇಳಿದ್ದನ್ನೇ ಹೇಳಿದರು. ಇಂಗ್ಲೆಂಡಿನವರು ತಮ್ಮದೇ ಹಳೆಯ ಹೆಸರಿನ ಗಾಡಿಯನ್ನು ನಮ್ಮಿಂದ ಕೊಂಡು ಓಡಿಸಿದರು. ಸಮುದ್ರದ ಗಾಳಿ ಕುಡಿದು ಬರೆದದ್ದೆಲ್ಲ ಸುಳ್ಳು ಎಂದುಕೊಂಡಿದ್ದವರಿಗೆ ಇದರಿಂದ ಬಹಳ ತೊಂದರೆಯಾಯಿತು. ಸುಳ್ಳನ್ನು ಸುಳ್ಳೆಂದು ಹಿಡಿಯುವುದು ಸುಲಭ. ಆತಿಥ್ಯ ಉಂಡು ನಿಜ ಹೇಳಿದವನನ್ನು ಏನು ಮಾಡುವುದು?

ವಿಮರ್ಶೆ ಎನ್ನುವುದೇ ಬೇಕಿಲ್ಲದ ಕಾಲವೊಂದಿತ್ತು. ನಮ್ಮ ಅಪ್ಪನ ತಲೆಮಾರಿನವರು ಸ್ಕೂಟರಿಗೆ ಹೆಸರು ಬರೆಸಿದರೆ ಅದು ಮನೆಗೆ ಬರುವಷ್ಟರಲ್ಲಿ ತೊಟ್ಟಿಲಲ್ಲಿದ್ದ ಮಗು ಮಗ್ಗಿ ಒಪ್ಪಿಸುತ್ತಿತ್ತು. ಅಷ್ಟು ವರ್ಷ ಕಾದು ಪಡೆದ ವಾಹನಕ್ಕೆ ಆರತಿ ಎತ್ತುತ್ತಾರೆಯೇ ಹೊರತು ನಕ್ಷತ್ರ ಎಣಿಸುವುದಿಲ್ಲ. ಮೈಸೂರಿನವರಾದ ನಮ್ಮ ಪಾಡು ಇನ್ನೂ ಬೇರೆ. ಯಾದವಗಿರಿಯಲ್ಲಿ 1961ರಿಂದ ಐಡಿಯಲ್ ಜಾವಾ ಕಾರ್ಖಾನೆ ಇತ್ತು. ಮೊದಲು ಜಾವಾ, ಆಮೇಲೆ ಯೆಜ್ಡಿ. ಬೀದಿಗೆ ಒಂದೆರಡು ಮನೆಗಾದರೂ ಆ ಕಾರ್ಖಾನೆಯ ಸಂಬಳ ಬರುತ್ತಿದ್ದರಿಂದ ಗಾಡಿಯ ಬಗ್ಗೆ ಬಾಯಿ ಬಿಡುವ ಮೊದಲು ಅತ್ತಿತ್ತ ನೋಡಬೇಕಿತ್ತು. ಅದರಲ್ಲಿ ಕಿಕ್ಕರ್ ಬೇರೆ, ಗೇರ್ ಬೇರೆ ಇರಲಿಲ್ಲ. ಒಂದೇ ಸನ್ನೆ. ಎಬ್ಬಿಸಿ ನಿಲ್ಲಿಸಿ ಒದ್ದರೆ ಕಿಕ್ಕರ್, ಮಲಗಿಸಿ ತುಳಿದರೆ ಗೇರ್. ಹೊರಗಿನವನು ಬಂದು ಬರೆದಿದ್ದರೆ 'ಅಭ್ಯಾಸವಾಗಲು ಸಮಯ ಬೇಕು' ಎಂದು ಒಂದು ಅಂಕ ಕಳೆಯುತ್ತಿದ್ದ. ನಮಗೆ ಅದು ಮಿತವ್ಯಯ. ಒಂದು ವಸ್ತುವಿನಿಂದ ಎರಡು ಕೆಲಸ ತೆಗೆಯುವುದು ಮೈಸೂರಿನ ಮಧ್ಯಮ ವರ್ಗಕ್ಕೆ ಸಹಜವಾಗಿ ಕಂಡಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಇವತ್ತಿಗೂ ಯಾರಾದರೂ ಆ ಗಾಡಿಯ ಬಗ್ಗೆ ತೂಕ ತಪ್ಪದೆ ಬರೆದುಕೊಡಿ ಎಂದರೆ ನಾನು ಬರೆಯಲಾರೆ, ಕೇಳಲೂ ಬೇಡಿ.

ಆಯ್ಕೆ ಬಂದದ್ದು ಎಂಬತ್ತರ ದಶಕದ ನಡುವೆ. ಸುಜುಕಿ, ಹೋಂಡಾ, ಯಮಹಾ, ಕವಾಸಾಕಿ ಒಂದರ ಹಿಂದೆ ಒಂದು ನಮ್ಮ ಕಂಪನಿಗಳ ಕೈ ಹಿಡಿದು ಬಂದವು, ನಾಲ್ಕೂ ನೂರು ಸಿ.ಸಿ. 1985ರ ಹೀರೋ ಹೋಂಡಾ ಸಿ.ಡಿ. 100 ಬಂದದ್ದೇ 'ಫಿಲ್ ಇಟ್, ಶಟ್ ಇಟ್, ಫರ್ಗೆಟ್ ಇಟ್' ಎನ್ನುತ್ತ. ಅದೇ ವರ್ಷದ ಯಮಹಾ ಆರ್.ಎಕ್ಸ್. 100 ಮರೆಯಲಿಕ್ಕೆ ಬಿಡುವ ಗಾಡಿಯಲ್ಲ. ನಾಲ್ಕು ಬೀದಿ ಆಚೆಯಿಂದಲೇ ಸದ್ದು ಕೇಳುತ್ತಿತ್ತು. ಇದೋ ಅದೋ ಎಂಬ ಗೊಂದಲ ಹುಟ್ಟಿದ ಮೇಲೆ ಹೇಳುವವನೊಬ್ಬ ಬೇಕಾದ. ತೊಂಬತ್ತರ ದಶಕದ ಕೊನೆಯ ಹೊತ್ತಿಗೆ ಓವರ್‌ಡ್ರೈವ್, ಆಟೋಕಾರ್ ಇಂಡಿಯಾ ಬಂದವು. ಮೆಜೆಸ್ಟಿಕ್ಕಿನ ಪುಸ್ತಕದಂಗಡಿಯಲ್ಲಿ ನಿಂತುಕೊಂಡೇ ಪೂರ್ತಿ ಸಂಚಿಕೆ ಓದಿ ಮುಗಿಸುವ ವಿದ್ಯೆಯನ್ನು ನಮ್ಮ ತಲೆಮಾರು ಕರಗತ ಮಾಡಿಕೊಂಡಿತು.

ಪತ್ರಿಕೆಯವರು ಇಲ್ಲದಿದ್ದಾಗ ಏನಾಗುತ್ತಿತ್ತು ಎಂಬುದಕ್ಕೂ ಒಂದು ಉದಾಹರಣೆ ಇದೆ. 1983ರಲ್ಲಿ ರಾಜ್‌ದೂತ್ 350 ಬಂತು. ಯಮಹಾದ ಜಗತ್ಪ್ರಸಿದ್ಧ ಆರ್.ಡಿ. 350ರ ನಮ್ಮ ರೂಪ, ಮೂವತ್ತು ಅಶ್ವಶಕ್ತಿ. ಮೂಲದಲ್ಲಿ ಮುಂದಿನ ಚಕ್ರಕ್ಕೆ ಡಿಸ್ಕ್ ಬ್ರೇಕ್ ಇತ್ತು. ಇಲ್ಲಿಗೆ ಬರುವಷ್ಟರಲ್ಲಿ ಅದು ಡ್ರಮ್ ಆಗಿತ್ತು. ಈಗಿನ ಪತ್ರಿಕೆ ಆಗ ಇದ್ದಿದ್ದರೆ ಅರವತ್ತರ ವೇಗದಿಂದ ನಿಲ್ಲಲು ಎಷ್ಟು ಮೀಟರ್ ಬೇಕು ಎಂದು ಯಂತ್ರ ಕಟ್ಟಿ ಅಳೆದು ಅಚ್ಚು ಹಾಕುತ್ತಿತ್ತು. ಆಗಿನ ಹುಡುಗರು ಅದನ್ನು ಮಂಡಿ ಮೊಣಕೈಗಳಿಂದ ಅಳೆದರು.

ನಾನು ಪತ್ರಿಕೆಯಲ್ಲಿ ನಂಬುವುದು ಇಂಥ ಅಂಕಿಗಳನ್ನೇ. ವಿಶೇಷಣ ಬರೆಯಲು ಉಪಕರಣ ಬೇಡ. ತೂಕ, ಸೀಟಿನ ಎತ್ತರ, ಬ್ರೇಕಿನ ದೂರ ಬರೆಯಲು ಬೇಕು. ಸುಳ್ಳು ಬರೆದರೆ ಪಕ್ಕದ ಪತ್ರಿಕೆಯವನು ಹಿಡಿಯುತ್ತಾನೆ. ಮೈಲೇಜನ್ನೂ ಅವರು ಟ್ಯಾಂಕ್ ಕಂಠದವರೆಗೆ ತುಂಬಿ, ಓಡಿಸಿ, ಮತ್ತೆ ಅದೇ ಕಂಠದವರೆಗೆ ತುಂಬಿ ಲೆಕ್ಕ ಹಾಕುತ್ತಾರೆ. ಕಂಪನಿಯ ಅಂಕಿ ಬೇರೆ ಜಾತಿಯದು. ದಶಕಗಳ ಕಾಲ ಅದು ಹುಟ್ಟುತ್ತಿದ್ದದ್ದು ಪ್ರಯೋಗಾಲಯದಲ್ಲಿ, ಚಕ್ರವನ್ನು ಉರುಳೆಯ ಮೇಲೆ ಇಟ್ಟು. 'ಇಂಡಿಯನ್ ಡ್ರೈವಿಂಗ್ ಸೈಕಲ್' ಎಂಬ ಆ ಪರೀಕ್ಷೆಯಲ್ಲಿ 108 ಸೆಕೆಂಡಿನ ಒಂದು ಆವರ್ತನವನ್ನು ಆರು ಸಲ ತಿರುಗಿಸುತ್ತಿದ್ದರು, ಗರಿಷ್ಠ ವೇಗ ಗಂಟೆಗೆ 42 ಕಿ.ಮೀ., ಸರಾಸರಿ 22ರ ಹತ್ತಿರ. ಭಾರತದ ರಸ್ತೆ ಅಂದರೆ ನಿಧಾನ ಎಂಬ ಕಲ್ಪನೆಯಿಂದ ಅದನ್ನು ರೂಪಿಸಿದವರು ಸಂಜೆ ಆರು ಗಂಟೆಗೆ ಮಾರತಹಳ್ಳಿಗೆ ಬಂದಿದ್ದರೆ 22 ಎಂಬುದನ್ನು ರೇಸ್ ವಿಭಾಗಕ್ಕೆ ಸೇರಿಸುತ್ತಿದ್ದರು. ಈಗ ನಮ್ಮ ಬೆಂಗಳೂರಿನ ವಿದ್ಯುತ್ ಸ್ಕೂಟರ್ ಕಂಪನಿಯಾದ ಏಥರ್‌ನವರು ಸರ್ಟಿಫಿಕೇಟಿನ ಅಂಕಿಯ ಪಕ್ಕದಲ್ಲೇ, 'ಟ್ರೂ ರೇಂಜ್' ಎಂದು ಅದಕ್ಕಿಂತ ಕಡಿಮೆಯ ಇನ್ನೊಂದು ಅಂಕಿ ಕೊಡುತ್ತಾರೆ. ಮಾರುವವನೇ ಬಾಯಿಬಿಟ್ಟು 'ಅಷ್ಟು ಬರಲ್ಲ ಸ್ವಾಮಿ, ಇಷ್ಟು ಬರುತ್ತೆ' ಎನ್ನುವ ಕಾಲ ಬಂದರೆ ಭಾವಮೈದನಂಥವರು ಯಾರನ್ನು ಅನುಮಾನಿಸಿ ಬದುಕಬೇಕು?

ಜಾಹೀರಾತಿನ ಬಿಸಿ ಇಲ್ಲವೇ ಇಲ್ಲ ಎಂದು ನಾನು ವಾದಿಸುತ್ತಿಲ್ಲ. 2005ರಲ್ಲಿ ಅಮೆರಿಕದ 'ಮೋಟಾರ್‌ಸೈಕ್ಲಿಸ್ಟ್' ಪತ್ರಿಕೆ ಹೆಲ್ಮೆಟ್‌ಗಳನ್ನು ಪ್ರಯೋಗಾಲಯದಲ್ಲಿ ಎತ್ತಿಹಾಕಿ, ಒಳಗಿನ ತಲೆಗೆ ತಲುಪುವ ಪೆಟ್ಟನ್ನು ಅಳೆಯಿತು. ತಲೆಗೆ ಅತಿ ಕಡಿಮೆ ಪೆಟ್ಟು ತಲುಪಿಸಿದ್ದು ಎಂಬತ್ತು ಡಾಲರಿನ ಅಗ್ಗದ ಪ್ಲಾಸ್ಟಿಕ್ ಹೆಲ್ಮೆಟ್. ಅದರ ಹಲವು ಪಟ್ಟು ಬೆಲೆಯ, ಕಠಿಣ ಪರೀಕ್ಷೆ ಪಾಸಾದವೆಂದು ಎದೆಯುಬ್ಬಿಸುತ್ತಿದ್ದ ಹೆಲ್ಮೆಟ್‌ಗಳು ಹಿಂದೆ ಬಿದ್ದವು. ಹೆಲ್ಮೆಟ್ ಉದ್ಯಮ ಕೊತಕೊತ ಕುದಿಯಿತು. ಬರೆದವರು ಡೆಕ್ಸ್‌ಟರ್ ಫೋರ್ಡ್. 2009ರಲ್ಲಿ ಅವರು ಅದೇ ವಿಷಯವನ್ನು ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಮತ್ತೆ ಎತ್ತಿದರು, ಬೈಕ್ ಪತ್ರಿಕೆಯ ಜೊತೆ ಅವರ ನಂಟು ಅಲ್ಲಿಗೆ ಕಡಿಯಿತು. ಭಾವಮೈದನಿಗೆ ನಾನು ಈ ಕತೆ ಹೇಳಿಲ್ಲ. ಅವನ ಕೈಗೆ ಸಿಕ್ಕರೆ ಇನ್ನು ಹತ್ತು ವರ್ಷ ಊಟಕ್ಕೆ ಕೂತಾಗಲೆಲ್ಲ ಅದನ್ನೇ ಬಡಿಸುತ್ತಾನೆ. ಜಾಹೀರಾತೇ ಬೇಡ, ಓದುಗರ ಚಂದಾ ಸಾಕು ಎಂದು ಹೊರಟ 'ಮೋಟಾರ್‌ಸೈಕಲ್ ಕನ್ಸ್ಯೂಮರ್ ನ್ಯೂಸ್' ಎಂಬ ಪತ್ರಿಕೆಯೂ ಆ ದೇಶದಲ್ಲೇ ಇತ್ತು. ಈಗ ಅದಿಲ್ಲ. ಪ್ರಾಮಾಣಿಕ ವಿಮರ್ಶೆ ಬೇಕು ಎಂದು ಕೂಗುವವರು ಅದಕ್ಕೆ ಎಷ್ಟು ಕೊಡುತ್ತಾರೆ ಎಂದು ಯಾರೂ ಕೇಳಲಿಲ್ಲ ಅನ್ನಿಸುತ್ತದೆ. ಮೆಜೆಸ್ಟಿಕ್ಕಿನಲ್ಲಿ ನಿಂತು ಓದಿದ ನಾನಂತೂ ಕೇಳುವ ಹಾಗಿಲ್ಲ.

ಓದುಗನ ವಿಷಯಕ್ಕೆ ಬಂದರೆ ಇನ್ನೂ ದೊಡ್ಡ ಕತೆ. ಬ್ರಿಟನ್ನಿನ 'ಮೋಟಾರ್ ಸೈಕಲ್ ನ್ಯೂಸ್' ವರ್ಷದ ಶ್ರೇಷ್ಠ ಬೈಕನ್ನು ಓದುಗರ ಮತದಿಂದಲೇ ಆರಿಸುತ್ತಿತ್ತು. ಅಲ್ಲಿ ಕಂಪನಿಯ ಊಟವಿಲ್ಲ, ವಿಮಾನವಿಲ್ಲ, ಶುದ್ಧ ಪ್ರಜಾಪ್ರಭುತ್ವ. 1968ರಿಂದ 1972ರವರೆಗೆ ಸತತ ಐದು ವರ್ಷ ಗೆದ್ದದ್ದು ನಾರ್ಟನ್ ಕಮಾಂಡೊ. ಆ ಐದನೇ ವರ್ಷ, 1972ರಲ್ಲಿ, ಕಮಾಂಡೊಗೆ 'ಕಾಂಬ್ಯಾಟ್' ಎಂಬ ಹೆಚ್ಚು ಬಲದ ಇಂಜಿನ್ ಕೂರಿಸಿದ್ದರು. ಕ್ರ್ಯಾಂಕ್‌ಶಾಫ್ಟಿನ ಮೇನ್ ಬೇರಿಂಗು ಅಕಾಲದಲ್ಲಿ ನುಚ್ಚುನೂರಾಗುವುದಕ್ಕೆ ಆ ಇಂಜಿನ್ ಇವತ್ತಿಗೂ ಹೆಸರುವಾಸಿ. ಗ್ಯಾರೇಜಿನಲ್ಲಿ ಇಂಜಿನ್ ಬಿಚ್ಚಿ ಹರವಿಕೊಂಡು, ಕೈ ಒರೆಸಿಕೊಂಡು, ಮತಪತ್ರದಲ್ಲಿ ಅದಕ್ಕೇ ಗುರುತು ಹಾಕಿದ ಇಂಗ್ಲಿಷ್ ಗೃಹಸ್ಥನನ್ನು ನೆನೆದರೆ ನನಗೆ ಅಭಿಮಾನ ಉಕ್ಕುತ್ತದೆ. ಅವನಿಗೆ ಯಾರೂ ಏನೂ ಕೊಟ್ಟಿರಲಿಲ್ಲ. ಅವನೇ ಬೆಲೆ ಕೊಟ್ಟಿದ್ದ. ಪಕ್ಷಪಾತಕ್ಕೆ ಅದಕ್ಕಿಂತ ಗಟ್ಟಿ ಕಾರಣ ಬೇಡ.

ನಾವೂ ಅಷ್ಟೇ ಅಲ್ಲವೇ? ವಿಮರ್ಶೆಯನ್ನು ಶ್ರದ್ಧೆಯಿಂದ ಓದುವುದು ಗಾಡಿ ಕೊಂಡ ಮೇಲೆ. ಕೊಳ್ಳುವ ಮೊದಲು ಓದಿದರೆ ತಲೆ ಕೆಡುತ್ತದೆ. ಕಂತು ಶುರುವಾದ ಮೇಲೆ ಓದಿದರೆ ಮನಸ್ಸಿಗೆ ಶಾಂತಿ. ಮೂರು ಬೈಕುಗಳ ಹಣಾಹಣಿ ಎಂದು ಹನ್ನೆರಡು ಪುಟ ಬರೆದಿದ್ದರೆ ನಾವು ನೇರ ಹನ್ನೆರಡನೆಯದಕ್ಕೆ ಹೋಗುತ್ತೇವೆ. ನಮ್ಮ ಗಾಡಿ ಗೆದ್ದಿದ್ದರೆ ಪತ್ರಿಕೆ ನಿಷ್ಪಕ್ಷಪಾತ. ಎರಡನೆಯದಾಗಿದ್ದರೆ ಸಂಪಾದಕರು ಮಾರಿಕೊಂಡಿದ್ದಾರೆ. ಮೂರನೆಯದಾಗಿದ್ದರೆ ಅವರಿಗೆ ಬೈಕ್ ಓಡಿಸಲಿಕ್ಕೇ ಬರುವುದಿಲ್ಲ. ಎಲ್ಲರೂ ದುಡ್ಡು ತಿಂದಿದ್ದಾರೆ ಎನ್ನುವ ಭಾವಮೈದನ ಬೈಕಿಗೆ ಒಮ್ಮೆ ವರ್ಷದ ಪ್ರಶಸ್ತಿ ಬಂತು. ಆ ಪುಟವನ್ನು ಅವನು ಲ್ಯಾಮಿನೇಟ್ ಮಾಡಿಸಿ ಶೋಕೇಸಿನಲ್ಲಿ ತಿರುಪತಿ ವೆಂಕಟರಮಣನ ಪಕ್ಕ ನಿಲ್ಲಿಸಿದ್ದಾನೆ. "ಇವರಿಗೆ ಎಷ್ಟು ಕೊಟ್ಟರಂತೆ?" ಅಂದೆ. "ಇವರು ಹಾಗಲ್ಲ" ಅಂದ.

ಹೆಂಡತಿಯ ವಿಮರ್ಶೆಗೆ ಯಾರೂ ಲ್ಯಾಮಿನೇಷನ್ ಮಾಡಿಸುವುದಿಲ್ಲ. ಕೇಂದ್ರ ಮೋಟಾರು ವಾಹನ ನಿಯಮದ ಪ್ರಕಾರ ಬೈಕಿನಲ್ಲಿ ಹಿಂದೆ ಕೂತವರಿಗೆ ಹಿಡಿ, ಕಾಲಿಡಲು ಜಾಗ, ಬಟ್ಟೆ ಸಿಕ್ಕದಂತೆ ಹಿಂದಿನ ಚಕ್ರದ ಅರ್ಧಕ್ಕಾದರೂ ಮರೆ ಇರಬೇಕು. ಆ ಮರೆಯನ್ನೇ ನಾವು ಸೀರೆ ಗಾರ್ಡ್ ಅನ್ನುವುದು. ಪತ್ರಿಕೆಗಳಲ್ಲಿ ಸೀರೆ ಗಾರ್ಡಿನ ಪ್ರಸ್ತಾಪ ಬರುವುದು ಅದು ಗಾಡಿಯ ಅಂದ ಕೆಡಿಸುತ್ತದೆ ಎಂದು ಬೈಯುವುದಕ್ಕೆ. ಪತ್ರಿಕೆಯೊಂದು ನಾಲ್ಕೂವರೆ ನಕ್ಷತ್ರ ಕೊಟ್ಟ ಬೈಕನ್ನು ನಾನೂ ಕೊಂಡೆ. ಹೆಸರು ಹೇಳುವುದಿಲ್ಲ, ಅದನ್ನು ಆಮೇಲೆ ಕೊಂಡವರು ನಮ್ಮ ಬಡಾವಣೆಯಲ್ಲೇ ಇದ್ದಾರೆ. ಹಿಂದಿನ ಸೀಟು 'ಸ್ಪೋರ್ಟಿ' ಎಂದು ಬರೆದಿತ್ತು. ನನ್ನ ಹೆಂಡತಿ ಒಂದು ಸಲ ಹತ್ತಿ, ಜಯನಗರ ನಾಲ್ಕನೇ ಬ್ಲಾಕಿನಿಂದ ಬನಶಂಕರಿಯವರೆಗೆ ಬಂದು, ಇಳಿದು, ಸೆರಗು ಸರಿಮಾಡಿಕೊಂಡು, "ಇದರಲ್ಲಿ ಕೂತವರು ಇಳಿಯೋದು ಹೇಗೆ ಅಂತ ಅವರು ಬರೆದಿದ್ದಾರಾ?" ಎಂದಳು. ಆಮೇಲೆ ಆಟೋದಲ್ಲೇ ಓಡಾಡಿದಳು. ಆಟೋ ಬಿಲ್ಲನ್ನು ಲೆಕ್ಕಕ್ಕೆ ಸೇರಿಸಿದರೆ ಗಾಡಿಯ ಮೈಲೇಜ್ ಎಷ್ಟಾಗುತ್ತದೆ ಎಂದು ಯಾವ ಪತ್ರಿಕೆಯೂ ಕೊಟ್ಟಿರಲಿಲ್ಲ.

ನ್ಯಾಯವಾಗಿ ಹೇಳಬೇಕೆಂದರೆ ಪತ್ರಿಕೆಯೂ ಕೊನೆಗೆ ನಿಜ ಹೇಳುತ್ತದೆ, ಸ್ವಲ್ಪ ತಡವಾಗಿ, ಸ್ವಲ್ಪ ಸಣ್ಣ ಅಕ್ಷರದಲ್ಲಿ. ಹಿಂದಿನ ಪುಟಗಳಲ್ಲಿ ದೀರ್ಘಾವಧಿ ವರದಿ ಎಂದು ಇರುತ್ತದೆ. ಸಿಬ್ಬಂದಿಯೊಬ್ಬ ಒಂದೇ ಬೈಕನ್ನು ತಿಂಗಳುಗಟ್ಟಲೆ ಇಟ್ಟುಕೊಂಡು ಬರೆಯುವುದು. ಅಲ್ಲಿ ಸೂರ್ಯಾಸ್ತವಿಲ್ಲ. ಮುಂದಿನ ಫೋರ್ಕಿನ ಆಯಿಲ್ ಸೀಲ್ ಸೋರಿದ್ದು, ಕೋನ್ ಸೆಟ್ ಹೋಗಿ ಹ್ಯಾಂಡಲ್ ನಡುಗಿದ್ದು, ಸರ್ವಿಸ್ ಸೆಂಟರಿನವರು ಬೇರೆ ಯಾರದೋ ಕನ್ನಡಿ ಹಾಕಿ ಕಳಿಸಿದ್ದು ಎಲ್ಲ ಅಲ್ಲಿರುತ್ತದೆ. ಯಾವ ಬೈಕನ್ನು ಮುಖಪುಟದಲ್ಲಿ ಹೊತ್ತು ಮೆರೆಸಿದ್ದರೋ ಅದೇ ಬೈಕು, ಅದೇ ಪತ್ರಿಕೆ. ನಾನು ಈಗ ಪತ್ರಿಕೆಯನ್ನು ಉರ್ದುವಿನಂತೆ ಹಿಂದಿನಿಂದ ಮುಂದಕ್ಕೆ ಓದುತ್ತೇನೆ, ನಡುವೆ ಬರುವ ಸೂರ್ಯಾಸ್ತಗಳಲ್ಲಿ ನಿಲ್ಲುವುದಿಲ್ಲ.

ಮೆಕ್ಯಾನಿಕ್ ಹೇಳಿದ್ದನ್ನು ಕೇಳಿ ಎನ್ನುವವರಿದ್ದಾರೆ. ನಮ್ಮ ಗ್ಯಾರೇಜಿನ ಭಾಯ್‌ಗೆ ಯಾವ ಗಾಡಿ ಒಳ್ಳೆಯದು ಎಂದು ಕೇಳಿದ್ದೆ. ಬಾಗಿಲ ಬಳಿ ನಿಂತಿದ್ದ ಒಂದನ್ನು ತೋರಿಸಿ, "ಇದು ಸಾರ್. ಬಾಳ ಒಳ್ಳೆ ಗಾಡಿ. ತಿಂಗಳಿಗೆ ಎರಡು ಸಲ ಬಂದೇ ಬರ್ತದೆ" ಎಂದ. ಅವನ ದೃಷ್ಟಿಯಿಂದ ಅದು ಐದು ನಕ್ಷತ್ರವೇ. ವರ್ಷಾನುಗಟ್ಟಲೆ ಕೆಡದ ಗಾಡಿಗಳ ಬಗ್ಗೆ ಅವನು ಮಾತಾಡುವುದೇ ಇಲ್ಲ; ಪರಿಚಯವಿಲ್ಲ.

ಹಾಗಾದರೆ ಹೊಗಳಿಕೆಗೆ ಸಿಕ್ಕದ ವಿಮರ್ಶಕ ಯಾರೂ ಇಲ್ಲವೇ ಅಂದರೆ, ಒಬ್ಬನಿದ್ದಾನೆ, ಹಳೆ ಗಾಡಿ ಕೊಳ್ಳುವ ಡೀಲರ್. ನನ್ನ ನಾಲ್ಕೂವರೆ ನಕ್ಷತ್ರವನ್ನು ತೊಳೆಸಿ, ಪಾಲಿಶ್ ಹೊಡೆಸಿ ಅವನ ಅಂಗಡಿ ಮುಂದೆ ನಿಲ್ಲಿಸಿದೆ. ಅವನು ಮುಂದೆ ಬಂದು ನೋಡಲಿಲ್ಲ, ಹಿಂದೆ ಹೋಗಿ ಕುಕ್ಕರುಗಾಲಲ್ಲಿ ಕೂತ. ಸೈಲೆನ್ಸರಿನ ಬಾಯೊಳಗೆ ತೋರುಬೆರಳು ತುರುಕಿ ತೆಗೆದು, ಬೆರಳನ್ನು ಬಿಸಿಲಿಗೆ ಹಿಡಿದು, ಮಸಿ ಒಣಗಿದೆಯೋ ಜಿಡ್ಡೋ ಎಂದು ಹೆಬ್ಬೆರಳಲ್ಲಿ ತಿಕ್ಕಿ ನೋಡಿದ. ಸೆಂಟರ್ ಸ್ಟ್ಯಾಂಡ್ ಹಾಕಿ ಮುಂದಿನ ಚಕ್ರ ಎತ್ತಿ ಹ್ಯಾಂಡಲನ್ನು ಒಂದೇ ಬೆರಳಲ್ಲಿ ನೂಕಿದ. ಅದು ನಡುವೆ ಬಂದು ಕಟಕ್ ಎಂದು ನಿಂತಿತು. ಅವನೂ 'ಹ್ಞೂಂ' ಎಂದ. ಸ್ಟಾರ್ಟ್ ಮಾಡಿಸಿದ, ಕಿವಿ ಟ್ಯಾಂಕಿಗೆ ಕೊಟ್ಟ, ಆಫ್ ಮಾಡಿಸಿದ. ಇಂಜಿನ್ ರಿಫೈನ್ಡ್ ಎಂದಾಗಲಿ ಸೀಟು ಸ್ಪೋರ್ಟಿ ಎಂದಾಗಲಿ ಅನ್ನಲಿಲ್ಲ. ಒಂದು ಅಂಕಿ ಹೇಳಿದ.

ಅವನೂ ನಿಷ್ಪಕ್ಷಪಾತಿ ಅಲ್ಲ, ಗೊತ್ತು. ಕೊಳ್ಳುವಾಗ ಮೂಗು ಮುರಿಯುತ್ತಾನೆ, ಮರುದಿನ ಅದೇ ಗಾಡಿಯನ್ನು ಮಾರುವಾಗ ಯಾವ ಪತ್ರಿಕೆಗೂ ಸೋಲುವುದಿಲ್ಲ. ಆದರೂ ಅಷ್ಟು ಕಡಿಮೆ ಹೇಳುವುದೇ? ನಾನು ಚೀಲದಿಂದ ಪತ್ರಿಕೆ ತೆಗೆದು, ಪುಟ ಬಿಡಿಸಿ, ನಾಲ್ಕು ನಕ್ಷತ್ರ, ಪಕ್ಕದಲ್ಲಿ ಅರ್ಧ, ಬೆರಳಿಟ್ಟು ತೋರಿಸಿದೆ. ಲೋಣಾವಳದ ತಿರುವಿನಲ್ಲಿ ಬಾಗಿದ ಬೈಕಿನ ಚಿತ್ರವನ್ನು ಅವನು ಒಳ್ಳೆಯ ಗೌರವದಿಂದಲೇ ನೋಡಿದ. ಮಸಿ ಬೆರಳು ತಾಗದ ಹಾಗೆ ಜೋಪಾನವಾಗಿ ಮಡಿಚಿ ನನ್ನ ಕೈಗೆ ವಾಪಸ್ ಕೊಟ್ಟು, "ಈ ಬುಕ್ ನೀವೇ ಇಟ್ಕೊಳ್ಳಿ ಸಾರ್. ಆರ್.ಸಿ. ಬುಕ್ ಕೊಡಿ" ಎಂದ.